ಗಾಂಧಿ ಅಜ್ಜನ ಬೂದಿ

ತಾಮ್ರದ ಡಬ್ಬಿಯ ಮುಚ್ಚಳ ತೆಗೆದ ಅಂದಾನೆಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗಿನ ಬೂದಿ ಬೆಳ್ಳಗಿತ್ತು. ಬೆಳ್ಳಗಷ್ಟೇ ಅಲ್ಲ, ವಿಭೂತಿಯಂತೆ ಘಮಘಮ ಅನ್ನುತ್ತಿತ್ತು.

ಅದು ಗಾಂಧೀಜಿಯ ಚಿತಾಭಸ್ಮ. ಅಸ್ಥಿಯನ್ನು ಹೊಳೆಗೆ ಬಿಟ್ಟ ದಿನ ಅಂದಾನೆಪ್ಪನ ಅಜ್ಜ ಬೇಡಿ ತಂದ ಒಂದು ಹಿಡಿ. ಬೂದುಬಣ್ಣ, ನಡುನಡುವೆ ಹರಳು; ಸಣ್ಣವನಿದ್ದಾಗ ಅಂದಾನೆಪ್ಪ ಕಣ್ಣಾರೆ ಕಂಡಿದ್ದ. ನಾಳೆ ರೋಣದ ಹೊಸ ಗಾಂಧಿ ಸ್ಮಾರಕದಲ್ಲಿ, ಊರೆಲ್ಲ ನೋಡುವಂತೆ ಅದನ್ನು ಒಪ್ಪಿಸಬೇಕಿತ್ತು. ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿ ನಡೆಸುವ ಈ ಸಾಹುಕಾರ ಸ್ಮಾರಕ ಸಮಿತಿಯ ಅಧ್ಯಕ್ಷನಾದದ್ದೇ ಆ ಡಬ್ಬಿಯ ದೆಸೆಯಿಂದ. ಡಬ್ಬಿ ಸುಳ್ಳಾದರೆ ಕುರ್ಚಿಯೂ ಹೋಯಿತು, ಮಾನವೂ ಹೋಯಿತು.

ಅನುಮಾನ ಪಡಲು ಅಂದಾನೆಪ್ಪನಿಗೆ ಕಾರಣ ಬೇಕಿಲ್ಲ; ತಕ್ಕಡಿ ಹಿಡಿದು ಹಿಡಿದು ಬಂದ ಗುಣ ಅದು. ಮೊದಲು ಕೈಗೆ ಸಿಕ್ಕವಳು ಹೆಂಡತಿ ನಿರ್ಮಲಾ. ಸತ್ತವರನ್ನು ಹೂಳುವ ಮನೆತನದಲ್ಲಿ ಸುಟ್ಟ ಬೂದಿ ದೇವರ ಜಗಲಿಯ ಮೇಲೇಕೆ ಎಂದು ಮದುವೆಯಾದಾಗಿನಿಂದ ಗೊಣಗಿದವಳು.

"ಚೆಲ್ಲೀಯೇನ್ ಅದನ್ನ?"

"ಮುಟ್ಟಾಕ ಹೇಸ್ತೀನಿ ನಾನು. ಚೆಲ್ಲೂದು ಎಲ್ಲಿಂದ ಬಂತ್ರಿ?"

ಆ ಮಾತನ್ನು ನಂಬಿದನೆಂದಲ್ಲ. ಅಷ್ಟರಲ್ಲಿ ತಮ್ಮ ಮುತ್ತಣ್ಣನ ನೆನಪಾಯಿತು. ಪಾಲಾಗಿ ಗಜೇಂದ್ರಗಡಕ್ಕೆ ಹೋದ ತಮ್ಮ ಪಂಚಮಿಗೆ ಬಂದಾಗ ಜಗಲಿಯ ಮುಂದೆ ಬಹಳ ಹೊತ್ತು ಕೂತಿದ್ದ. ಆಗ ಕೈಮುಗಿದಂತೆ ಕಂಡದ್ದು ಈಗ ಕೈಹಾಕಿದಂತೆ ಕಾಣತೊಡಗಿತು. ಫೋನು ಮಾಡಿದ.

"ಡಬ್ಬ್ಯಾಗಿಂದು ನೀನ ತೊಗೊಂಡೀಯೇನ್?"

"ಅಣ್ಣಾ, ಹೊಲಾ ಮನಿ ಎಲ್ಲಾ ನೀನ ಇಟಗೊಂಡಿ. ಬೂದಿ ಕದ್ದು ನಾ ಏನ್ ಮಾಡ್ಲಿ?" ಎಂದ ಮುತ್ತಣ್ಣ ಫೋನಿಟ್ಟುಬಿಟ್ಟ.

ತಪ್ಪು ಮಾಡಿದವನೇ ಹೀಗೆ ಖಡಕ್ಕಾಗಿ ಮಾತಾಡುವುದು ಎಂದು ಅಂದಾನೆಪ್ಪ ತೀರ್ಮಾನಿಸಿದ. ತಮ್ಮನ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆಂದು ಕೂಗಾಡುತ್ತ ಅಂಗಿ ತೊಡುತ್ತಿದ್ದಾಗ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಶೇಖವ್ವ ಮೊರ ಕೆಳಗಿಟ್ಟಳು.

"ಅವಂಗ್ಯಾಕ ಬೈತಿ? ನಾನ ಖರ್ಚ ಮಾಡೇನಿ ಅದನ್ನ. ಡಬ್ಬಿ ಬರಿದಾಗಬಾರದಂತ ಈಬತ್ತಿ ಗಟ್ಟಿ ಪುಡಿ ಮಾಡಿ ತುಂಬೇನಿ."

"ಖರ್ಚ? ಎಲ್ಲಿ?"

"ನಿನ್ನ ಹಣಿಗೆ. ಜ್ವರಾ ಬಂದಾಗ, ಸಾಲಿ ಪರೀಕ್ಷಾಕ್ಕ ಹೊಂಟಾಗ, ಅಂಗಡಿ ಚಾಲೂ ಮಾಡಿದಾಗ. ತೀರೂತನಾ ದಿನಾ ಮುಂಜಾನಿ ಒಂದ ಚಿಟಿಕಿ. ಗಾಂಧಿ ಅಜ್ಜನ ಗುಣ ನನ್ನ ಮಗನಿಗರೆ ಬರಲಿ ಅಂತ."

ಅಂದಾನೆಪ್ಪನ ಕೈ ತಾನಾಗಿ ಹಣೆಗೆ ಹೋಯಿತು. ಒಂದು ಗಳಿಗೆ ನಾಚಿಕೆಯಾದದ್ದು ನಿಜ. ಆದರೆ ನಾಳೆಯ ವೇದಿಕೆ, ಮೈಕು, ಮಾಲೆ ಎಲ್ಲ ಕಣ್ಣ ಮುಂದೆ ಬಂದವು. ಬಚ್ಚಲೊಲೆಯಿಂದ ಒಂದು ಹಿಡಿ ಬೂದಿ ತಂದು ಡಬ್ಬಿಗೆ ಸುರಿದು ಬೆರೆಸಿದ. ಬಣ್ಣ ಸರಿಹೋಯಿತು. ಮೇಲೊಂದು ಖಾದಿ ಬಟ್ಟೆ ಬಿಗಿದು ಕಟ್ಟಿದ.

"ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಗಾಂಧಿ ಅಜ್ಜನ ಹೆಸರ ಉಳೀಬೇಕಲ್ಲ."

ಶೇಖವ್ವ ಮಗನ ಹಣೆಯನ್ನೇ ನೋಡಿದಳು.

"ಅಷ್ಟ ವರ್ಷ ಹಚ್ಚಿದೆ," ಎಂದಳು. "ನಿನಗ ಹತ್ತಲೇ ಇಲ್ಲ."