ಹೊರಗೆ ಹೋದ ಹಡಗುಗಳು

ಅಚ್ಚಿಗೆ ಪ್ಲಾಸ್ಟರ್ ಸುರಿಯಲು ಶುರು ಮಾಡಿದ ಮೇಲೆ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡುವುದು ಅವಳ ಕೆಲಸ. ಎಡಗೈಯಲ್ಲಿ ಅಚ್ಚನ್ನು ಹಿಡಿದು ಅದುರಿಸುತ್ತ, ಬಲಗೈಯಲ್ಲಿ ಪ್ಲಾಸ್ಟರನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅವಸರ ಮಾಡಿದರೆ ಗುಳ್ಳೆ, ತಡ ಮಾಡಿದರೆ ಕಲ್ಲು. ಅದರಲ್ಲೂ ಈ ಅಚ್ಚು ಬಾಯಿಗೆ ಏನಿಟ್ಟರೂ ಓಕರಿಸುವ ಒಬ್ಬ ಅಜ್ಜನದು. ಅವರನ್ನು ಪುಸಲಾಯಿಸಿ ಇದನ್ನು ತೆಗೆಯುವಷ್ಟರಲ್ಲಿ ಡಾಕ್ಟರಿಗೆ ಬೆವರಿಳಿದಿತ್ತು.

ಮೇಜಿನ ಮೇಲಿನ ಫೋನು ಗುರ್ರೆಂದಿತು. ಓರೆಗಣ್ಣಿನಲ್ಲಿ ನೋಡಿದಳು. ಕೆಂಪು ಅಕ್ಷರದಲ್ಲಿ, ಸುಂಟರಗಾಳಿಯ ಪಡೆ ನಿಮ್ಮತ್ತ ಹೊರಟಿದೆ ಎಂದಿತ್ತು. ಬರಲಿ ಬಿಡು, ಬಂದು ಮಣ್ಣು ಮುಕ್ಕಲಿ ಎಂದುಕೊಂಡು ಕೆಲಸ ಮುಂದುವರಿಸಿದಳು.

ಆ ಆಟವನ್ನು ಮನೆಗೆ ತಂದವನು ಗಂಡ. ಎಲ್ಲೆಲ್ಲಿಯವರೋ ಸೇರಿ ಆಡುವ ಅಂತರಿಕ್ಷದ ಆಟ. ಪ್ರತಿಯೊಬ್ಬರಿಗೂ ಒಂದು ಗ್ರಹ. ಅಗೆದು ಅದಿರು ತೆಗೆಯಬೇಕು, ಅದಿರಿನಿಂದ ಹಡಗು ಕಟ್ಟಬೇಕು. ಅಗೆಯಲು ಮೈಬಗ್ಗದವರು ಅಗೆದವರನ್ನು ದೋಚುತ್ತಾರೆ. ಸುಂಟರಗಾಳಿ ಎಂದು ಹೆಸರಿಟ್ಟುಕೊಂಡವನು ಅಂಥವರಲ್ಲೊಬ್ಬ. ವಾರ ಕಳೆಯುವುದರೊಳಗೆ ಯಾರೋ ಬಂದು ಗುಡಿಸಿ ಹಾಕಿದ್ದಕ್ಕೆ ಗಂಡ ಕೈಮುಗಿದು ಎದ್ದುಬಿಟ್ಟ. ಆ ಖಾಲಿ ಕುರ್ಚಿಯಲ್ಲಿ ಇವಳು ಕೂತಳು, ಕೂತವಳು ಏಳಲಿಲ್ಲ. ಅಲ್ಲಿ ಅವಳ ಹೆಸರು ದವಡೆ. ಆ ಹೆಸರು ಕೇಳಿ ಯಾವನೋ ಮಹಾ ರಾಕ್ಷಸ ಇರಬೇಕೆಂದು ಹೊಸಬರು ದೂರ ಸರಿಯುತ್ತಿದ್ದರು. ಇವಳಾದರೋ ಈವರೆಗೆ ಒಬ್ಬರ ಮೇಲೂ ಕೈ ಎತ್ತಿದವಳಲ್ಲ.

ಅವಳ ಉಪಾಯ ಒಂದೇ. ನೆಲದ ಮೇಲಿರುವ ಹಡಗನ್ನು ಒಡೆಯಬಹುದು, ಹಾರುತ್ತಿರುವುದನ್ನು ಯಾರೂ ಮುಟ್ಟುವಂತಿಲ್ಲ. ಅದು ಆಟದ ಕಟ್ಟಳೆ. ಹಾಗಾಗಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಇದ್ದಬದ್ದ ಅದಿರನ್ನೆಲ್ಲ ಹಡಗುಗಳಿಗೆ ತುಂಬಿ, ತೀರಾ ನಿಧಾನದ ವೇಗದಲ್ಲಿ, ಸುಮ್ಮನೆ ಎಲ್ಲಿಗೋ ಕಳಿಸಿಬಿಡುತ್ತಿದ್ದಳು. ಸಂಜೆ ಅವಳು ಮನೆ ಸೇರುವ ಹೊತ್ತಿಗೆ ಅವೂ ಸೇರುತ್ತಿದ್ದವು. ನಡುವೆ ಬಂದ ಕಳ್ಳನಿಗೆ ಬೋಳು ನೆಲ. ಹೀಗೆ ಇರುವೆಯ ಹಾಗೆ ಕೂಡಿಟ್ಟ ಅದಿರು ಇವತ್ತು ಸಂಜೆಗೆ ಮಹಾನೌಕೆ ಕಟ್ಟುವಷ್ಟಾಗುತ್ತಿತ್ತು. ಅದೊಂದು ಎದ್ದರೆ ದೋಚುವವರ ಕೈಗೆಟುಕದ ನಕ್ಷತ್ರಕ್ಕೆ ಹೋಗಿ ನೆಲೆ ನಿಲ್ಲಬಹುದು. ಕ್ಲಿನಿಕ್ಕಿನಲ್ಲಿ ಅವಳು ಮಾಡಿದ್ದೆಲ್ಲ ಕಂಡವರ ಬಾಯಿಗೆ ಹೋಗುತ್ತಿತ್ತು, ಮನೆಯಲ್ಲಿ ಮಾಡಿದ್ದು ಮನೆಯವರ ಬಾಯಿಗೆ. ಇದೊಂದು ಮಾತ್ರ ಅವಳದೇ ಆಗಿತ್ತು.

ಫೋನು ಮತ್ತೆ ಗುರ್ರೆಂದಿತು. ನಿಮ್ಮ ಹಡಗುಗಳು ನೆಲ ಮುಟ್ಟಿವೆ.

ಇನ್ನೂ ಮಧ್ಯಾಹ್ನ, ಈಗೆಲ್ಲಿಂದ ಬಂದವು? ಆಟ ಇದ್ದದ್ದು ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಫೋನಿಗೆ ಬರುವುದು ಸುದ್ದಿ ಮಾತ್ರ. ಎರಡೂ ಕೈ ಪ್ಲಾಸ್ಟರಿನಲ್ಲಿ. ಅಚ್ಚು ಕೆಳಗಿಟ್ಟರೆ ಪಾಪದ ಅಜ್ಜ ಮತ್ತೆ ಬಾಯಿ ತೆರೆಯಬೇಕು. ಅವಳು ಬಗ್ಗಿ, ಮೂಗಿನ ತುದಿಯಿಂದ ಮನೆಯ ನಂಬರು ಒತ್ತಿದಳು, ಸ್ಪೀಕರನ್ನೂ ಒತ್ತಿದಳು.

ಅತ್ತೆ ಎತ್ತಿಕೊಂಡರು. ಹೌದು, ತಾನೇ ಕರೆದೆ ಎಂದರು ಹೆಮ್ಮೆಯಿಂದ. ದಿನಾ ಸೊಸೆಯ ಬೆನ್ನ ಹಿಂದೆ ಕೂತು ಆಟ ನೋಡುತ್ತಿದ್ದವರು ಅವರು. ಮನೆಯವರಲ್ಲಿ ಒಬ್ಬರು ಹೊರಗಿದ್ದರೂ ಮುಂಬಾಗಿಲಿಗೆ ಅಗಳಿ ಹಾಕದ ಹೆಂಗಸಿಗೆ ಹಡಗುಗಳ ಈ ಅಲೆದಾಟ ಮೊದಲಿನಿಂದಲೂ ಹಿಡಿಸಿರಲಿಲ್ಲ. ಬೇಗ ಬಂದರೆ ಸೊಸೆ ಬಂದಕೂಡಲೇ ನೌಕೆಗೆ ಕೈ ಹಾಕಬಹುದು ಎಂದು 'ವಾಪಸ್' ಒತ್ತಿಬಿಟ್ಟಿದ್ದರು.

"ಅತ್ತೆ, ಕಳ್ಳ ಬರ್ತಿದಾನೆ. ಈಗ್ಲೇ ಅವನ್ನ ಹೊರಗೆ ಕಳಿಸ್ಬೇಕು."

ಅತ್ತೆ ಅಯ್ಯೋ ಎನ್ನಲಿಲ್ಲ. ಕುರ್ಚಿ ಎಳೆದ ಸದ್ದಾಯಿತು. "ಎಲ್ಲಿ ಒತ್ಲಿ, ಹೇಳು."

ಎಲ್ಲ ಹಡಗು ಆರಿಸಿ, ದೂರದ್ದೊಂದು ಜಾಗ ತೋರಿಸಿ, ವೇಗ ಕೆಳಗಿಳಿಸಿ, ಹಸಿರು ಗುಂಡಿ ಒತ್ತಿ ಎಂದು ಇವಳು ಒಂದೇ ಉಸಿರಿನಲ್ಲಿ ಹೇಳಿದಳು. ಎಡಗೈ ಅದುರಿಸುತ್ತಲೇ ಇತ್ತು, ಪ್ಲಾಸ್ಟರ್ ಇಳಿಯುತ್ತಲೇ ಇತ್ತು.

"ಒತ್ತಿದ್ರಾ?"

"ಇರು. ಬರಿಗೈಲಿ ಕಳಿಸೋದಾ? ತಂದಿದ್ದೆಲ್ಲ ಇಲ್ಲೇ ಇಳಿಸಿಬಿಟ್ಟಿದಾವಲ್ಲ."

ಅವಳಿಗೆ ಮರೆತೇ ಹೋಗಿತ್ತು. ಮನೆಗೆ ಬಂದ ಹಡಗು ತಾನಾಗಿಯೇ ಅದಿರನ್ನು ಇಳಿಸಿಬಿಡುತ್ತದೆ. ಹಡಗು ಉಳಿದು ಅದಿರು ಹೋಗಿದ್ದರೆ ಮಹಾನೌಕೆಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. "ತುಂಬಿಸೋಕೆ ಬರುತ್ತಾ ಅತ್ತೆ?"

"ದಿನಾ ನೋಡ್ತೀನಲ್ಲ," ಎಂದರು ಅತ್ತೆ. ಕೀಲಿಮಣೆಯ ಮೇಲೆ ಒಂದೇ ಬೆರಳು ನಿಧಾನವಾಗಿ ಬೀಳುವುದು ಕೇಳಿಸಿತು. ನಿಧಾನವೇ ತನ್ನ ಬಂಡವಾಳ ಎಂದುಕೊಂಡಿದ್ದ ಸೊಸೆಗೆ ಆ ನಿಧಾನ ಜೀವ ಹಿಂಡಿತು. ಕೊನೆಗೆ ಅತ್ತೆ, "ಹೂಂ, ಹೋದ್ವು," ಎಂದರು.

ಅವಳು ಅಚ್ಚನ್ನು ತುಂಬಿ ಮುಗಿಸಿ ಮೇಜಿನ ಮೇಲಿಟ್ಟಳು. ಕೈ ತೊಳೆಯುತ್ತಿದ್ದಾಗ ಫೋನಿನಲ್ಲಿ ಸುದ್ದಿ ಬಂತು. ಸುಂಟರಗಾಳಿ ಬಂದು ಹೋದ. ಸಿಕ್ಕಿದ್ದು ಏನೂ ಇಲ್ಲ. ಕೆಳಗೆ ಅವನದೇ ಒಂದು ಸಾಲು: ದವಡೆಯಣ್ಣ, ನಿನ್ನ ಹೊಟ್ಟೆ ತಣ್ಣಗಿರಲಿ, ಈ ಸಲವೂ ತಪ್ಪಿಸಿಕೊಂಡೆ. ಅವಳು ಒಬ್ಬಳೇ ನಕ್ಕಳು. ಗಟ್ಟಿಯಾದ ಮೇಲೆ ಬಿಡಿಸಿ ನೋಡಿದರೆ ಅಜ್ಜನ ವಸಡು ಒಂದೂ ಗುಳ್ಳೆಯಿಲ್ಲದೆ ಬಂದಿತ್ತು.

ಸಂಜೆ ಅವಳು ಬಂದಾಗ ಅತ್ತೆ ಇನ್ನೂ ಕಂಪ್ಯೂಟರಿನ ಮುಂದೆಯೇ ಇದ್ದರು. ಕರೀಬಾರದಿತ್ತು, ನನ್ನ ಬುದ್ಧಿಗಿಷ್ಟು ಎಂದು ತಮ್ಮನ್ನೇ ಬೈದುಕೊಂಡರು. ಇವಳಿಗೆ ಸಿಟ್ಟು ಬರಲಿಲ್ಲ. ತನ್ನದೊಬ್ಬಳದೇ ಎಂದುಕೊಂಡಿದ್ದರಲ್ಲಿ ಇನ್ನೊಬ್ಬರ ಕೈ ಬಿದ್ದರೆ ಕಡಿಮೆಯಾಗುತ್ತದೆ ಎಂದು ಅವಳು ತಿಳಿದಿದ್ದಳು. ಹಾಗೇನೂ ಆಗಲಿಲ್ಲ, ಹಿತವೇ ಆಯಿತು. ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಕೂತಳು. ಅಣ್ಣ ಎಂದು ಬರೆದದ್ದನ್ನು ಓದಿ ಹೇಳಿದಾಗ ಅತ್ತೆ, ಸೊಸೆಯೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಪೂರ್ತಿ ಕಾಣುವಂತೆ ನಕ್ಕರು.

"ಮತ್ತೆ ಯಾವಾಗ ಬರ್ತಾವೆ?"

ಅತ್ತೆ ಎಲ್ಲಕ್ಕಿಂತ ದೂರದ ಜಾಗವನ್ನೇ ಒತ್ತಿದ್ದರು. "ಬೆಳಿಗ್ಗೆ ಅತ್ತೆ. ಬರ್ಲಿ, ಈಗೇನು ಅವಸರ."

ಊಟವಾಯಿತು. ಎಲ್ಲರೂ ಮನೆಯಲ್ಲಿದ್ದಾರೆಂದು ಗಂಡ ಮುಂಬಾಗಿಲಿಗೆ ಅಗಳಿ ಹಾಕಲು ಎದ್ದ.

"ಇರ್ಲಿ ಬಿಡೋ," ಎಂದರು ಅತ್ತೆ, ತಟ್ಟೆ ಎತ್ತುತ್ತ. "ಇನ್ನೂ ಬರೋರಿದಾರೆ."

ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಸುಮ್ಮನೆ ಒರಗಿಸಿದ್ದ ಬಾಗಿಲ ಸಂದಿಯಿಂದ ಒಳಗಿನ ದೀಪದ ಬೆಳಕು ಹೊರಗಿನ ಮೆಟ್ಟಿಲ ಮೇಲೆ ಬಿದ್ದಿತ್ತು.