ಎರಡನೇ ಅತನೂರ

"ಇನ್ನಷ್ಟು ಬಿಗೀರಿ ವೈನಿ, ತಲಿ ಎಡಕ್ಕ ವಾಲಾಕತ್ತದ," ಎಂದ ಟೇಲರ್ ಚಮನಸಾಬ.

ಗುರುಶಾಂತಮ್ಮ ಗಂಡನ ಹಣೆಗೆ ಸುತ್ತಿದ ಬಿಳಿ ಪಟ್ಟಿಯನ್ನು ಗೋಡೆಯ ಗೂಟಕ್ಕೆ ಎಳೆದು ಮತ್ತೊಂದು ಗಂಟು ಹಾಕಿದಳು. ಜಗದೇವಪ್ಪ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಮೈತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಬದುಕಿದ್ದಾಗಲೂ ಇದೇ ಗೋಡೆಗೆ ಒರಗಿ, ತೊಡೆಯ ಮೇಲೆ ನೋಟಬುಕ್ಕು ಇಟ್ಟುಕೊಂಡು ಬರೆಯುತ್ತಿದ್ದ. ಈಗ ಎಡ ಅಂಗೈಯಲ್ಲಿ ಇಷ್ಟಲಿಂಗವಿತ್ತು, ಬಲಗೈ ಖಾಲಿ. ಹೊತ್ತೇರಿ ಹನ್ನೊಂದಾಗಿತ್ತು, ಅವನ ಗೆಳೆಯ ಚಮನಸಾಬನನ್ನು ಬಿಟ್ಟರೆ ಹೆಗಲು ಕೊಡಲು ಒಬ್ಬನೇ ಒಬ್ಬ ಒಳಗೆ ಬಂದಿರಲಿಲ್ಲ.

ಊರಲ್ಲಿ ಜನ ಇರಲಿಲ್ಲವೆಂದಲ್ಲ. ಇಡೀ ಅತನೂರು ಎದುರಿನ ಬೇವಿನ ಮರದ ಕೆಳಗೆ ಕೂತು ಬೀಡಿ ಸೇದುತ್ತಿತ್ತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಬೇರೆಯವರ ಮನೆಯಲ್ಲಿ ಬುದ್ಧಿ ಹೇಳುವ ದೊಡ್ಡ ಮನುಷ್ಯರೇ ಎಲ್ಲರೂ. ಆದರೆ ಪೋಸ್ಟಮಾಸ್ತರ ಜಗದೇವಪ್ಪನ ಮೇಲಿನ ಸಿಟ್ಟು ಏಳು ವರ್ಷದ್ದು. ಏಳು ವರ್ಷ ಬೂದಿ ಮುಚ್ಚಿ ಕಾಪಾಡಿಕೊಂಡು ಬಂದ ಕೆಂಡವನ್ನು ಒಂದು ಹೆಣಕ್ಕಾಗಿ ಯಾರು ಆರಿಸುತ್ತಾರೆ?

ಎಲ್ಲಕ್ಕೂ ಕಾರಣ ಅವನು ಬರೆದು, ಎಪ್ಪತ್ತೊಂಬತ್ತರಲ್ಲಿ ಗುಲಬರ್ಗಾದಲ್ಲಿ ಅಚ್ಚಾಗಿ ಬಂದ ಮೂರು ರೂಪಾಯಿಯ ಪತ್ತೇದಾರಿ ಕಾದಂಬರಿ, 'ಎರಡನೇ ಅತನೂರ'. ಈ ಅತನೂರಿನ ಬೆನ್ನಿಗೇ ಇನ್ನೊಂದು ಅತನೂರು ಇದೆಯಂತೆ. ಅವೇ ಓಣಿ, ಅವೇ ಮನೆ, ಅವೇ ಹೆಸರಿನ ಜನ. ಆದರೆ ಅಲ್ಲಿ ನಡೆಯುವುದೇ ಬೇರೆ. ಅಲ್ಲಿಗೆ ಹೋಗಲು ಹೊಲದ ನಡುವಿನ ಒಂದು ಬಾವಿಯೇ ದಾರಿ. ಆ ಬಾವಿಯಿಂದ ಪತ್ತೇದಾರ ಸರ್ದಾರ ಎದ್ದು ಬರುತ್ತಾನೆ, ಇಲ್ಲಿಯಂಥದೇ ಸುಡುಬಿಸಿಲಲ್ಲಿ ಉದ್ದ ಉಣ್ಣೆಯ ಕೋಟು ತೊಟ್ಟು! ಬೀಡಿ ಹಚ್ಚಿ, ಕತ್ತಲ ಓಣಿಗಳಲ್ಲಿ ಒಬ್ಬೊಬ್ಬರನ್ನೇ ತಡೆದು ಪ್ರಶ್ನೆ ಕೇಳುತ್ತಾನೆ. ಅವನಿಗೆ ಜೊತೆ ತೊಗರಿ ಕೊಯ್ಯುವ ನಿಂಬೆವ್ವ. ಬಾವಿಗೆ ಬಿದ್ದು ಸಾಯದೆ ಮೇಲೆದ್ದವಳಿಗೆ ನೂರಾನೆಯ ಬಲ ಬಂದಿದೆ. ಕುಡುಗೋಲು ಹಿಡಿದು ತೊಗರಿ ಹೊಲದ ಮೇಲೆ ಹಾರುತ್ತಾಳೆ, ತುಂಬಿ ಬಂದ ಭೀಮೆಯನ್ನು ಒಂದು ಕೈಯಲ್ಲಿ ತಡೆಯುತ್ತಾಳೆ.

ಇಷ್ಟೇ ಆಗಿದ್ದರೆ ಊರು ಓದಿ ನಕ್ಕು ಸುಮ್ಮನಾಗುತ್ತಿತ್ತು. ಪುಣ್ಯಾತ್ಮ ಜಗದೇವಪ್ಪ ಊರವರ ಹೆಸರುಗಳನ್ನು ಇದ್ದಂತೆಯೇ ಇಟ್ಟುಬಿಟ್ಟ. ಬೇರೆ ಲೋಕದ ಜನರಲ್ಲವೇ, ಇವರಿಗೇಕೆ ಸಿಟ್ಟು ಬರಬೇಕು ಎಂದು ಅವನ ಲೆಕ್ಕ. ಪುಸ್ತಕ ಬಂದ ವಾರದಲ್ಲೇ ಅಕ್ಷರ ಬಂದವರು ಬಾರದವರಿಗೆ ಓದಿ ಹೇಳಿದರು. ಪ್ರತಿಯೊಬ್ಬನೂ ತನ್ನ ಹೆಸರು ಎಲ್ಲಿದೆ ಎಂದು ಹುಡುಕಿದ. ಸಿಕ್ಕ ಮೇಲೆ ಉರಿದುಬಿದ್ದ. ತಮ್ಮ ತಮ್ಮ ಹೆಸರಿನ ಗದ್ದಲದಲ್ಲಿ ಆ ಬಾವಿ ಯಾರದೆಂದು ಒಬ್ಬನೂ ಕೇಳಲಿಲ್ಲ.

"ಎರಡನೇ ಅತನೂರಿನ್ಯಾಗ ನನ್ನ ಹಾಲಿನ ಕೊಡದಾಗ ಮೀನ ಹುಟ್ಟಿಸ್ಯಾನ," ಹೊರಗೆ ಹಾಲು ಮಾರುವ ಮಲ್ಕಪ್ಪ ಒಳಗೆ ಕೇಳಲೆಂದೇ ಗಟ್ಟಿಯಾಗಿ ಅಂದ. "ಈಗ ಹೆಗಲ ಕೊಡಂದ್ರ? ಆ ಅತನೂರಿನ ಮಲ್ಕಪ್ಪನ್ನ ಕರೀರಿ, ಬಂದು ಹೊರ್ತಾನ."

ಮಂದಿ ನಕ್ಕರು. ಮಠದ ಅಯ್ಯನವರು ನಗಲಿಲ್ಲ. "ನನ್ನ ಕೈಲೆ ಮಟಕಾ ಆಡಿಸ್ಯಾನ. ಇಂಥವನ ತಲಿ ಮ್ಯಾಲ ನಾ ಪಾದ ಇಡಬೇಕ?"

ಅಯ್ಯನವರ ಪಾದ ತಲೆಗೆ ಸೋಕದೆ ಹೆಣ ಏಳುವಂತಿರಲಿಲ್ಲ. ಗುರುಶಾಂತಮ್ಮ ಹಲ್ಲು ಕಚ್ಚಿದಳು. ಸಾಯುವಾಗಲಾದರೂ ನೆಟ್ಟಗೆ ಸಾಯಬಾರದಿತ್ತೇ ಈ ಗಂಡಸು! ಮಕ್ಕಳಿಲ್ಲ, ಮರಿಯಿಲ್ಲ, ಇದ್ದ ಒಂದು ಊರನ್ನೂ ಬರೆದು ಬರೆದು ಕಳೆದುಕೊಂಡ.

ಆಗ ಅವಳ ಅಣ್ಣ ದೌಲತರಾಯ ಬಂದ. ಮರದ ಕೆಳಗಿನವರೆಲ್ಲ ಎದ್ದು ನಿಂತರು. ಅವನ ತೋಳ ಮೇಲೆ ಮಡಿಕೆ ಬಿಚ್ಚದ ಹೊಸ ಸೀರೆಯಿತ್ತು. ಗಂಡ ಸತ್ತವಳಿಗೆ ಹೆಣ ಏಳುವ ಮೊದಲು ತವರಿನವರು ಸೀರೆ ಹೊದಿಸಬೇಕು. ಹೊದಿಸದಿದ್ದರೆ ಅವಳಿಗೆ ತವರು ತೀರಿತು ಎಂದೇ ಅರ್ಥ.

ದೌಲತರಾಯ ಸೀರೆ ಹೊದಿಸಲಿಲ್ಲ. ಹೆಣದ ಕಡೆ ನೋಡಲೂ ಇಲ್ಲ. ತಂಗಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದು, "ನೋಟಬುಕ್ಕ ಎಲ್ಲದ?" ಎಂದ.

"ಯಾವ ನೋಟಬುಕ್ಕ?"

"ನಾಟಕ ಮಾಡಬ್ಯಾಡ ಬೇ. ಎರಡನೇ ಭಾಗ ಬರಿಯಾಕತ್ತೀನಿ ಅಂತ ಚಮನಸಾಬನ ಅಂಗಡ್ಯಾಗ ಕೂತು ಹೇಳ್ಯಾನ. ಅದನ್ನ ಕೊಡು. ಸೀರಿ ಹೊದಸ್ತೇನಿ, ನಾಕ ಮಂದೀನ ಕರೀತೇನಿ, ಅಯ್ಯನೋರ ಪಾದಾನೂ ಇಡಸ್ತೇನಿ. ಕೊಡಲಿಲ್ಲಂದ್ರ ಸಂಜೀತನಾ ನಿನ್ನ ಗಂಡ ಹಿಂಗಽ ಕೂತಿರ್ತಾನ. ನಾಳಿಂದ ನೀ ಎಲ್ಲಿರ್ತಿ ನೋಡಕೊ. ಈ ಮನೀ ಗ್ವಾಡಿ ಸುದ್ದಾ ನಂದು."

"ಕತಿ ಪುಸ್ತಕಕ್ಕ ಇಷ್ಟ ಯಾಕ ಅಂಜತಿ ಅಣ್ಣಾ?"

ದೌಲತರಾಯನ ಕಣ್ಣು ಕಿರಿದಾದವು. "ಲಗೂನ ತಗೊಂಡ ಬಾ," ಎಂದು ಹೊರಗೆ ಹೋದ.

* * *

ಹನ್ನೊಂದು ವರ್ಷದ ಹಿಂದೆ, ತೊಗರಿ ಕೊಯ್ಲಿನ ದಿನಗಳು. ಗುರುಶಾಂತಮ್ಮ ಅಣ್ಣನ ಹೊಲಕ್ಕೆ ರೊಟ್ಟಿಯ ಬುತ್ತಿ ಹೊತ್ತು ನಡೆದಿದ್ದಳು. ಆಳುಗಳೆಲ್ಲ ಆಚೆ ಬದಿಯಲ್ಲಿ ಕೊಯ್ಯುತ್ತಿದ್ದರು. ಬಾವಿಯ ಹತ್ತಿರ ಇದ್ದವರು ಇಬ್ಬರೇ, ದೌಲತರಾಯ ಮತ್ತು ಬಾಳಮ್ಮನ ಮಗಳು ನಿಂಬೆವ್ವ. ಅವನು ಅವಳ ಸೆರಗು ಹಿಡಿದಿದ್ದ. ಹತ್ತೊಂಬತ್ತರ ಹುಡುಗಿ ಅವನ ಮುಖಕ್ಕೆ ಉಗಿದು, "ಊರ ಮುಂದ ಹೇಳ್ತೇನಿ ನಿನ್ನ ಹಣೇಬರಾ," ಎಂದು ಕೂಗಿದಳು. ದೌಲತರಾಯ ಎರಡೂ ಕೈಯಿಂದ ಅವಳನ್ನು ನೂಕಿದ. ಮೇಲೆ ನಿಂತು ಒಳಗೆ ನೋಡಿದ. ಹಗ್ಗ ಅಲ್ಲೇ ಕಾಲ ಹತ್ತಿರ ಬಿದ್ದಿತ್ತು, ಇಳಿಬಿಡಲಿಲ್ಲ. ನೀರಿನ ಸದ್ದು ನಿಲ್ಲುವವರೆಗೂ ನಿಂತಿದ್ದು, ಆಮೇಲೆ ಧೋತರ ಸರಿಮಾಡಿಕೊಂಡು ಹೊರಟುಹೋದ. ಪಕ್ಕದ ಹೊಲದ ಜೋಳದ ತೆನೆಗಳ ಮರೆಯಿಂದ ಗುರುಶಾಂತಮ್ಮ ಬುತ್ತಿ ಹೊತ್ತುಕೊಂಡೇ ಎಲ್ಲ ನೋಡಿದಳು.

ಮನೆಗೆ ಓಡಿಬಂದು ಗಂಡನ ಮುಂದೆ ಎಲ್ಲ ಹೇಳಿದಳು. ಜಗದೇವಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ, ಅಫಜಲಪುರಕ್ಕೆ ಹೋಗಿ ಪೊಲೀಸರಿಗೆ ಹೇಳುತ್ತೇನೆಂದು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅವ ನನ್ನ ಅಣ್ಣ. ಅವನ್ನ ಬಿಟ್ರ ನನಗ್ಯಾರ ಅದಾರ? ನಾಳಿಗಿ ಮಕ್ಕಳಾಗಿಲ್ಲಂತ ನೀವು ಇನ್ನೊಬ್ಬಾಕಿನ್ನ ತಂದ್ರ ನಾ ಎಲ್ಲಿ ಹೋಗಲಿ?"

"ಎಂಥಾ ಮಾತ ಆಡ್ತೀ ಗುರುಶಾಂತಾ? ಹುಡುಗಿ ಜೀವ ಹೋಗ್ಯದ."

"ಹೋದದ್ದು ಬರ್ತದೇನ್ರಿ? ಲಿಂಗ ಮುಟ್ಟಿ ಆಣಿ ಮಾಡ್ರಿ, ಈ ಅತನೂರಾಗ ಯಾರ ಮುಂದೂ ಬಾಯಿ ಬಿಡಂಗಿಲ್ಲಂತ. ಇಲ್ಲಂದ್ರ ಅದಽ ಬಾವಿಗಿ ನಾನೂ ಬೀಳ್ತೇನಿ."

ಜಗದೇವಪ್ಪ ಚಪ್ಪಲಿ ಬಿಟ್ಟು ಕೊರಳ ಲಿಂಗ ಮುಟ್ಟಿದ. ಕಾಲು ಜಾರಿ ಬಿದ್ದಳೆಂದು ಪಂಚರು ಬರೆಸಿದರು. ಬಾಳಮ್ಮ ಎರಡು ವರ್ಷ ಬಾವಿಯ ಸುತ್ತ ಹುಚ್ಚಿಯಂತೆ ತಿರುಗಿ, ಕೊನೆಗೆ ಸುಮ್ಮನಾದಳು.

ನಾಲ್ಕು ವರ್ಷದ ಮೇಲೆ ಪುಸ್ತಕ ಬಂತು. ಊರು ಬಂದು ಬಾಗಿಲಲ್ಲಿ ಬೈದುಹೋದ ಸಂಜೆ ಗುರುಶಾಂತಮ್ಮ ಗಂಡನ ಮೈಮೇಲೆ ಹೋದಳು. "ಆಣಿ ಮುರಿದ್ರಿ ನೀವು. ಬಾವಿ ಬರದೀರಂತ, ನಿಂಬೆವ್ವನ್ನೂ ಬರದೀರಂತ."

"ಮುರಿದಿಲ್ಲ," ಎಂದ ಜಗದೇವಪ್ಪ ತಣ್ಣಗೆ. "ಈ ಅತನೂರಾಗ ಹೇಳಂಗಿಲ್ಲಂತ ಆಣಿ ಮಾಡೀನಿ. ಎರಡನೇ ಅತನೂರಿಗಿ ನಿನ್ನ ಆಣಿ ಹತ್ತಂಗಿಲ್ಲ."

ಆಮೇಲೆ ಆ ಗಂಡಹೆಂಡಿರ ನಡುವೆ ಉಪ್ಪು ಹುಳಿಯ ಮಾತಷ್ಟೇ ಉಳಿಯಿತು. ಅವನು ಗೋಡೆಗೆ ಒರಗಿ ಬರೆಯುತ್ತಿದ್ದ, ಅವಳು ಬೇಕೆಂತಲೇ ಅವನ ಮುಂದೆ ಕಸ ಗುಡಿಸುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಏನು ಬರೆದಿರೆಂದು ಏಳು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ.

* * *

ನೋಟಬುಕ್ಕು ಜೋಳದ ಡಬ್ಬಿಯಲ್ಲಿತ್ತು. ಅವನು ಎಲ್ಲಿ ಬಚ್ಚಿಡುತ್ತಾನೆಂದು ಅವಳಿಗೆ ಮೊದಲಿನಿಂದಲೂ ಗೊತ್ತು. ಕಾಳು ಜಾಡಿಸಿ ಚಮನಸಾಬನ ಕೈಗೆ ಕೊಟ್ಟಳು.

"ಕೊನೀದು ಓದ್ರಿ."

ಚಮನಸಾಬ ಹಾಳೆ ತಿರುವುತ್ತ ಹೋದ. "ಸರ್ದಾರ ಎಲ್ಲಾರನ್ನೂ ಕೇಳಿ ಮುಗಿಸ್ಯಾನ್ರಿ ವೈನಿ. ಖೂನಿ ಯಾರ ಮಾಡ್ಯಾರಂತ ಅವಗ ಗೊತ್ತದ. ಸಾಕ್ಷಿ ಬೇಕು. ಒಬ್ಬಾಕಿ ಹೆಣ್ಮಗಳ ಮನೀಗಿ ಬಂದಾನ." ಕನ್ನಡಕ ಸರಿಮಾಡಿಕೊಂಡು ಓದಿದ: "'ಸರ್ದಾರ ಬಾಗಿಲು ತಟ್ಟಿದ. ಒಳಗೆ ಬಳೆಯ ಸದ್ದಾಯಿತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ತಾಯಿ, ನೀವು ಹೆದರಿದ್ದು ತಪ್ಪಲ್ಲ. ಆದರೆ ನೀವು ನೋಡಿದ್ದನ್ನು ನನಗೆ ಹೇಳಲಿಕ್ಕೆ ಬರುವುದಿಲ್ಲ, ನೀವೇ ಹೇಳಬೇಕು ಎಂದ.'"

"ಮುಂದ?"

"ಮುಂದಿಲ್ರಿ. ಖಾಲಿ." ಚಮನಸಾಬ ಉಳಿದ ಹಾಳೆಗಳನ್ನು ತೋರಿಸಿದ. "ಇಷ್ಟ ಬರದು ಐದ ವರ್ಷ ಆತು. ಯಾಕ ಮುಗಸವಲ್ಲಿ ಮಾಸ್ತರಾ ಅಂತ ನಾ ದಿನಾ ಕೇಳ್ತಿದ್ದೆ. ಆಕಿ ಬಾಗಲಾ ತಗೀಲಿ, ಆಮ್ಯಾಲ ಬರೀತೇನಿ ಅಂತಿದ್ದ."

ಗುರುಶಾಂತಮ್ಮ ಆ ಖಾಲಿ ಹಾಳೆಗಳನ್ನು ತಾನೇ ತಿರುವಿ ನೋಡಿದಳು. ಐದು ವರ್ಷ! ಒಂದೇ ಸೂರಿನಡಿ ಐದು ವರ್ಷ ಬಾಗಿಲ ಮುಂದೆ ನಿಲ್ಲಿಸಿದ್ದಳು ಗಂಡನನ್ನು. ಹೊರಗೆ ಗೋಡೆಗೆ ಕಟ್ಟಿಸಿಕೊಂಡು ಕೂತವನ ಮೇಲೆ ಸಿಟ್ಟೂ ಬಂತು. ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತೇ ಹುಚ್ಚಪ್ಪಾ ಎಂದುಕೊಂಡು ಸೆರಗಿನಿಂದ ಮೂಗು ಒರೆಸಿದಳು. ಕೇಳಿದ್ದರೂ ಬಾಯಿ ಮುಚ್ಚಿಸುತ್ತಿದ್ದಳು, ಅದೂ ಅವಳಿಗೆ ಗೊತ್ತಿತ್ತು.

ನೋಟಬುಕ್ಕನ್ನು ಹೊರಗೆ ಒಯ್ದು ಅಣ್ಣನ ಕೈಗೆ ಕೊಟ್ಟಳು.

"ವೈನಿ!" ಚಮನಸಾಬ ಹಿಂದಿನಿಂದ ಬಂದ. "ಮಾಸ್ತರನ ಕೈಬರಹ ಅದ. ಬೆಂಕಿಗಿ ಹಾಕತಾನ ಅಂವ."

"ಮೊದಲ ಅವರು ಮಣ್ಣ ಕಾಣಲಿ," ಎಂದಳು. ಚಮನಸಾಬ ಮುಖ ತಿರುಗಿಸಿದ. ಮುಂದೇನು ಮಾಡುವೆನೆಂದು ಅವಳಿಗಾದರೂ ಎಲ್ಲಿ ಗೊತ್ತಿತ್ತು!

ಆಮೇಲೆ ಎಲ್ಲವೂ ಎಣ್ಣೆ ಬಿಟ್ಟ ಬಂಡಿಯಂತೆ ಸಾಗಿತು. ದೌಲತರಾಯ ಸೀರೆ ಹೊದಿಸಿದ. ಅಯ್ಯನವರು ಮುಖ ಗಂಟಿಕ್ಕಿಕೊಂಡೇ ತಲೆಯ ಮೇಲೆ ಪಾದವಿಟ್ಟರು. ಮಲ್ಕಪ್ಪನೇ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಆದರೂ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ, "ಭಾಳ ವಜನ ಅದಾನ, ಊರ ಮಂದೀದೆಲ್ಲಾ ಹೊಟ್ಟ್ಯಾಗ ಇಟಗೊಂಡು ಹೊಂಟಾನ," ಎಂದು ಗೊಣಗುತ್ತಲೇ ನಡೆದ.

ಹೊಲದ ಅಂಚಿನಲ್ಲಿ ಗುಂಡಿ ತೋಡಿದ್ದರು. ಜಗದೇವಪ್ಪನನ್ನು ಅದರೊಳಗೆ ಕೂರಿಸಿ, ಸುತ್ತ ವಿಭೂತಿ ಗಟ್ಟಿ ಒಟ್ಟಿ, ಬಿಲ್ವಪತ್ರಿ ಸುರಿದರು. ಅಂಗೈಯ ಲಿಂಗ ಎಲೆಗಳೊಳಗೆ ಮುಚ್ಚಿಹೋಗುವುದನ್ನು ಗುರುಶಾಂತಮ್ಮ ನೋಡಿದಳು. ಅದನ್ನು ಮುಟ್ಟಿಯೇ ಅವನು ಆಣೆ ಮಾಡಿದ್ದು. ಸತ್ತವನು ಕೊನೆಯವರೆಗೂ ಮಾತು ಉಳಿಸಿಕೊಂಡಿದ್ದ.

"ಹಿಡಿ ಮಣ್ಣ ತಗೋರಿ," ಎಂದರು ಅಯ್ಯನವರು. "ಹೆಂಡತಿ ಮೊದಲ ಹಾಕಲಿ."

ಎಲ್ಲರೂ ಬಗ್ಗಿ ಮಣ್ಣು ತೆಗೆದುಕೊಂಡರು. ದೌಲತರಾಯ ನೋಟಬುಕ್ಕನ್ನು ಬಗಲಲ್ಲಿ ಒತ್ತಿ ಹಿಡಿದು ತಾನೂ ಒಂದು ಹಿಡಿ ತೆಗೆದ. ಗುರುಶಾಂತಮ್ಮ ಮಣ್ಣು ಹಿಡಿದು ಎದ್ದಳು, ಗುಂಡಿಯ ಅಂಚಿಗೆ ಬಂದಳು. ಹಾಕಲಿಲ್ಲ. ತಿರುಗಿ, ಮಂದಿಯನ್ನು ಸರಿಸಿಕೊಂಡು, ದೂರದ ಜಾಲಿಯ ನೆರಳಲ್ಲಿ ಒಬ್ಬಳೇ ಕೂತಿದ್ದ ಬಾಳಮ್ಮನ ಕಡೆ ನಡೆದಳು. ತನ್ನ ಮಗಳನ್ನು ಪುಸ್ತಕದಲ್ಲಾದರೂ ಬದುಕಿಸಿದವನೆಂದು ಆ ಮುದುಕಿ ಯಾರೂ ಕರೆಯದಿದ್ದರೂ ಬಂದಿದ್ದಳು.

"ಎಲ್ಲಿ ಹೊಂಟಿ?" ದೌಲತರಾಯ ಕೂಗಿದ. "ಗುರುಶಾಂತೀ! ಪುಸ್ತಕ ಕೊಟ್ಟ ಮ್ಯಾಲ ಮತ್ತೇನ ಆಟ ಹಚ್ಚೀದಿ?"

ಅವಳು ನಿಂತಳು. ಮೈಮೇಲೆ ಹೊದಿಸಿದ್ದ ಹೊಸ ಸೀರೆಯನ್ನು ತೆಗೆದು, ಮಡಿಕೆ ಮಾಡದೆ, ಅಲ್ಲೇ ಕರಿಮಣ್ಣಿನ ಮೇಲೆ ಬಿಟ್ಟಳು.

"ಪುಸ್ತಕ ಕೊಟ್ಟೀನಿ ಅಣ್ಣಾ. ಬಾಯಿ ಕೊಟ್ಟಿಲ್ಲ."

ಬಾಳಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ದನಿ ಗುಂಡಿಯವರೆಗೆ ಕೇಳುವಷ್ಟು ಗಟ್ಟಿಯಾಗಿತ್ತು. "ಬಾಳಮ್ಮಾ, ನಿನ್ನ ಮಗಳು ಕಾಲ ಜಾರಿ ಬಿದ್ದಿಲ್ಲ. ನಮ್ಮಣ್ಣ ನೂಕ್ಯಾನ. ನಾ ಈ ಕಣ್ಣೀಲೆ ನೋಡೀನಿ."

ಬಾಳಮ್ಮ ಅವಳನ್ನು ನೋಡಿದಳು. ಒಮ್ಮೆಲೆ ಕೈಯೆತ್ತಿ ಅವಳ ಕೆನ್ನೆಗೆ ಹೊಡೆದಳು, ಮತ್ತೊಂದು ಹೊಡೆದಳು. "ಹನ್ನೊಂದ ವರ್ಷ! ಹನ್ನೊಂದ ವರ್ಷ ಬಾಯಾಗ ಏನ ಇಟಗೊಂಡಿದ್ದಿ ಬೇ ರಂಡೆ?"

ಗುರುಶಾಂತಮ್ಮ ಮುಖ ಹಿಂದಕ್ಕೆ ತೆಗೆಯಲಿಲ್ಲ.

"ಆಕಿಗಿ ತಲಿ ಕೆಟ್ಟದ, ಮಣ್ಣ ಹಾಕ್ರಿ ನೀವು," ದೌಲತರಾಯ ಮಂದಿಯ ಕಡೆ ತಿರುಗಿ ಅರಚಿದ. "ಹಾಕ್ರೋ ಮಣ್ಣ! ಮಲ್ಕಪ್ಪಾ, ಏನ ನೋಡ್ತಿಲೇ?"

ಬಾಳಮ್ಮ ಹೊಡೆದ ಕೈಯಿಂದಲೇ ಗುರುಶಾಂತಮ್ಮನ ರಟ್ಟೆ ಹಿಡಿದು ನೆಲಕ್ಕೆ ಎಳೆದು ಕೂರಿಸಿದಳು. "ಮೊದಲಿಂದ ಹೇಳು," ಎಂದಳು. "ಆಕಿ ಏನಂದ್ಳು, ಅದನ್ನ ಹೇಳು."

ಗುಂಡಿಯ ಸುತ್ತ ನಿಂತವರು ಒಬ್ಬೊಬ್ಬರಾಗಿ ಜಾಲಿ ಮರದ ಕಡೆ ಮುಖ ಮಾಡಿದರು. ಮೂವತ್ತು ನಲವತ್ತು ಮುಷ್ಟಿಗಳಲ್ಲಿ ಮಣ್ಣು ಹಾಗೆಯೇ ಇತ್ತು. ಕೆಳಗೆ ಕೊರಳವರೆಗೆ ಬಿಲ್ವಪತ್ರಿಯಲ್ಲಿ ಕೂತ ಜಗದೇವಪ್ಪನ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಯಾರ ಕೈಯೂ ಬಿಚ್ಚಲಿಲ್ಲ.