ಅಕ್ಕನಿಗೆ ಬಂದ ಚೀಟಿ

ನಮ್ಮೂರ ವಾಚನಾಲಯದಲ್ಲಿ ಚರ್ಚೆ ಶುರುವಾಗುವ ಮೊದಲು ಹಿತ್ತಾಳೆ ಚೊಂಬಿನೊಳಗೆ ಎರಡು ಚೀಟಿ ಹಾಕಿ ಕುಲುಕುತ್ತಿದ್ದರು. ಒಂದು ಪರ, ಇನ್ನೊಂದು ವಿರೋಧ. ಕೈಗೆ ಬಂದ ಪಕ್ಷವನ್ನೇ ವಾದಿಸಬೇಕು. ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಈ ಪದ್ಧತಿಯ ಬಗ್ಗೆ ಊರಿಗೆ ಎಲ್ಲಿಲ್ಲದ ಹೆಮ್ಮೆ.

ಆ ಬೇಸಿಗೆಯ ವಿಷಯ, ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯನೇ ಕಾರಣ ಎಂಬುದು. ಹೆಂಚಿನ ಕಾರ್ಖಾನೆಯವರು ಹೆಂಚು ಸುಡುವ ಹೊಸ ಗೂಡುಗಳಿಗೆಂದು ಕೆರೆಯಂಚಿನ ಹೊಂಗೆ ತೋಪನ್ನು ಕೇಳಿದ್ದರಿಂದ ಅಂದು ಕಾಲಿಡಲು ಜಾಗವಿರಲಿಲ್ಲ. ತೋಪು ಉಳಿಯಲೆಂದು ಶ್ರೀಕಂಠ ಮೇಷ್ಟ್ರು ಮನೆಮನೆ ತಿರುಗುತ್ತಿದ್ದರು. ಅವರಿಂದಲೇ ಭಾಷಣ ಕಲೆ ಕಲಿತ ನನ್ನಕ್ಕ ವನಮಾಲಾ ಮನೆಯಲ್ಲಿ ಅದೇ ಚಿಂತೆಯಿಂದ ಊಟ ಬಿಡುತ್ತಿದ್ದಳು. ಪರದ ಚೀಟಿ ಮೇಷ್ಟ್ರಿಗೆ ಬಂತು, ವಿರೋಧದ್ದು ಅಕ್ಕನಿಗೆ.

ಮೇಷ್ಟ್ರು ಕಲ್ಲಿದ್ದಲು, ಹೊಗೆ, ಕಡಿದ ಕಾಡು ಎಂದು ಒಂದೊಂದನ್ನೇ ಬಿಡಿಸಿ ಹೇಳಿದರು. ಎಲ್ಲವೂ ನಿಜ, ಆದರೆ ಸಪ್ಪೆ. ಆಮೇಲೆ ಅಕ್ಕ ಎದ್ದಳು. ಸೂರ್ಯನಿಗೆ ಬೆಂಕಿ ಹಚ್ಚಿದವರು ನಮ್ಮ ಹೆಂಚಿನವರೇ ಏನು ಎಂದು ಅವಳು ಕೇಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿಷ್ಯೆಯ ಮೇಲಿನ ಅಭಿಮಾನಕ್ಕೆ ಮೇಷ್ಟ್ರೂ ನಕ್ಕುಬಿಟ್ಟರು. ಬಹುಮಾನ ಅವಳಿಗೇ ಬಂತು. ನನಗಂತೂ ತಲೆಗೆ ಕೋಡು ಮೂಡಿದಂತಾಗಿತ್ತು.

ತೋಪಿನ ತೀರ್ಮಾನಕ್ಕೆ ಊರು ಸೇರಿದ ದಿನ, ಯಾರು ಏನು ಕೇಳಿದರೂ ಅಕ್ಕನ ಮಾತೇ ಉತ್ತರವಾಯಿತು. ಬಿಸಿಲಿಗೂ ಗೂಡಿಗೂ ಸಂಬಂಧವಿಲ್ಲವೆಂಬುದು ವಾಚನಾಲಯದಲ್ಲೇ ಇತ್ಯರ್ಥವಾಗಿದೆಯಲ್ಲ ಎಂದರು ಊರವರು. ಅಕ್ಕ ಎದ್ದು ನಿಂತಳು. ಅಂದು ತಾನು ಆಡಿದ್ದು ಚೀಟಿಯ ಮಾತು, ನಂಬಿದ್ದಲ್ಲ, ಮೇಷ್ಟ್ರು ಹೇಳಿದ್ದೇ ಸರಿ ಎಂದು ಕಣ್ಣು ತುಂಬಿಕೊಂಡು, ಕೈಮುಗಿದು ಹೇಳಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಮಾತಾಡಿರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷತೆ ವಹಿಸಿದ್ದ ಗುರುಶಾಂತಪ್ಪನವರು ಪ್ರೀತಿಯಿಂದಲೇ ಕೇಳಿದರು: "ಇವತ್ತು ಆ ಕಡೆ ಚೀಟಿ ಬಂತೇನಮ್ಮ?"

ಸಭೆಗೆ ಸಭೆಯೇ ನಕ್ಕಿತು. ಆ ನಗು ನೆನಪಾದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಅಕ್ಕ ಮತ್ತೆಂದೂ ವೇದಿಕೆ ಹತ್ತಲಿಲ್ಲ.

ತೋಪು ಕಡಿದು ಮುಗಿದ ಮೇಲೆ ಒಂದು ಮಧ್ಯಾಹ್ನ ಕೆರೆದಾರಿಯಲ್ಲಿ ನಮಗೆ ಮೇಷ್ಟ್ರು ಎದುರಾದರು. ಅಕ್ಕ ತಲೆಯೆತ್ತಲಿಲ್ಲ.

"ಗೆಲ್ಲೋದು ಕಲಿಸಿದ್ರಿ ಮೇಷ್ಟ್ರೇ," ಎಂದಳು. "ಸೋಲೋದನ್ನೂ ಒಂದಿಷ್ಟು ಕಲಿಸಬೇಕಿತ್ತು."

ಬಿಸಿಲು ನೆತ್ತಿ ಸುಡುತ್ತಿತ್ತು. ಮೇಷ್ಟ್ರು ತಮ್ಮ ಕೊಡೆಯನ್ನು ಅವಳ ಕೈಗಿಟ್ಟು, ಆ ಬಯಲಿನಲ್ಲಿ ಬರಿದಲೆಯಲ್ಲೇ ನಡೆದುಹೋದರು.